ಇತರೆ, ಮುನ್ನೂರು

ಈ ಶನಿವಾರವೂ ಅದೇ ಬರಹ: ಇತರೆ, ಮುನ್ನೂರು.

ಅವಳು ಖರ್ಚಿನ ಪುಸ್ತಕವನ್ನು ಗಂಡನ ತಟ್ಟೆಯ ಪಕ್ಕಕ್ಕೆ ತಳ್ಳಿದಳು. "ಏನ್ರೀ ಇದು?"

"ಇತರೆ ಅಂದ್ರೆ ಇತರೆ ಕಣೇ," ಎಂದ ಟ್ಯಾಕ್ಸಿ ಓಡಿಸುವ ಗಂಡ, ತಲೆ ಎತ್ತದೆ.

ಖರ್ಚು ಬರೆದಿಡುವ ಗೀಳು ಹಿಡಿಸಿದ್ದು ಅವಳೇ. ಬಟ್ಟೆ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಕಾಲರ್ ಹೊಲಿದು ಅವಳಿಗೆ ಕತ್ತು ಕಂಡರೇ ಸಿಟ್ಟು ಬರುವಂತಾಗಿತ್ತು. ಬಿಡುವಿನಲ್ಲಿ ತುಂಡು ಬಟ್ಟೆ ಜೋಡಿಸಿ ಕೈಚೀಲ ಹೊಲಿದು ಪೇಟೆಯ ಉಡುಗೊರೆ ಅಂಗಡಿಯಲ್ಲಿ ಇಡುತ್ತಿದ್ದಳು. ಮೊದಲ ಎರಡು ತಿಂಗಳು ನಾಯಿಯೂ ಮೂಸಲಿಲ್ಲ. ಹೊಲಿಗೆ ಮೆಷಿನ್ನಿಗೆ ತಲೆ ಆನಿಸಿಕೊಂಡು ಗೊಳೋ ಎಂದು ಅತ್ತಿದ್ದಳು. ಆಮೇಲೆ ಅದೃಷ್ಟ ಖುಲಾಯಿಸಿತು. ಹನ್ನೊಂದು ವಾರಗಳಿಂದ ವಾರಕ್ಕೊಂದು ಚೀಲ ತಪ್ಪದೆ ಹೋಗುತ್ತಿತ್ತು.

"ನಿಮ್ಮ ಚೀಲಕ್ಕೆ ಅಂತಾನೇ ಒಬ್ರು ಕಾಯಂ ಗಿರಾಕಿ ಹುಟ್ಕೊಂಡಿದ್ದಾರೆ ಮೇಡಂ. ಬಣ್ಣ ಕೂಡ ನೋಡಲ್ಲ!" ಎಂದಿದ್ದ ಅಂಗಡಿಯವನು, ತನ್ನ ಕಮಿಷನ್ ಐವತ್ತು ಮುರಿದುಕೊಳ್ಳುತ್ತಾ.

ರಾಜೀನಾಮೆ ಪತ್ರ ಬರೆದಾಗಿತ್ತು. ಸೋಮವಾರ ಕೊಡುವುದೊಂದೇ ಬಾಕಿ. ಆದರೆ ವಾರವಾರ ಮುನ್ನೂರು ಸೋರುವ ಮನೆಯಲ್ಲಿ ಸಂಬಳ ಬಿಡುವುದು ಹೇಗೆ?

"ದಿನವಿಡೀ ಹೊಲಿದ್ರೆ ವಾರಕ್ಕೆ ಹತ್ತು ಚೀಲ ಆಗುತ್ತೆ," ಎಂದಳು.

ಗಂಡನಿಗೆ ತುತ್ತು ನೆತ್ತಿಗೇರಿತು. ನೀರು ಕುಡಿದು ಸುಧಾರಿಸಿಕೊಂಡ. "ಹತ್ತಾ? ನನ್ನ ಕೈಲಿ... ಅಲ್ಲ, ನಿನ್ನ ಕೈಲಿ ಆಗಲ್ಲ ಬಿಡು."

ನೋಡಿ ಇವರ ಹೊಟ್ಟೆಕಿಚ್ಚು! ಪಾತ್ರೆ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಅಕ್ಕನಿಗೆ ಫೋನ್ ಹಚ್ಚಿದಳು.

"ಯಾವಳೋ ಇದ್ದಾಳೆ ಕಣೇ," ಎಂದಳು ಅಕ್ಕ, ಟಿವಿ ಸದ್ದು ಕಡಿಮೆ ಮಾಡಿ. ಒಂದು ಕ್ಷಣ ಯೋಚಿಸಿ, "ಆದ್ರೆ ಮುನ್ನೂರಕ್ಕೆ? ನಿನ್ನ ಗಂಡ ಅದ್ರಲ್ಲೂ ಜುಗ್ಗಾನೇ," ಎಂದು ಸೇರಿಸಿದಳು.

ತಂಗಿಗೆ ನಗು ಬರಲಿಲ್ಲ. ಹನ್ನೆರಡು ವರ್ಷದ ಸಂಸಾರ. ಆ ಮನುಷ್ಯ ಒಂದು ಸುಳ್ಳನ್ನೂ ನೆಟ್ಟಗೆ ಹೇಳಲಾರ. ಸುಳ್ಳು ಬರೆಯಲಾರದೆ ತಾನೇ ಇತರೆ ಎಂದು ಬರೆದದ್ದು?

ಇಡೀ ಪುಸ್ತಕ ತಿರುವಿದಳು. ಮೊದಲ ಮುನ್ನೂರು ಹನ್ನೊಂದು ವಾರದ ಹಿಂದಿನದು. ಆಮೇಲೆ ಅವನು ಬೀಡಿ ಬಿಟ್ಟಿದ್ದ. ಸ್ಟ್ಯಾಂಡಿನ ಟೀಯೂ ನಿಂತಿತ್ತು. ತನಗಾಗಿ ಒಂದು ದಿನವೂ ಬಿಡದ ಬೀಡಿಯನ್ನು ಯಾವಳಿಗಾಗಿಯೋ ಬಿಟ್ಟನಲ್ಲ!

ಭಾನುವಾರ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದದ್ದೇ ತಡ, ಮೊಳೆಗೆ ತೂಗುಹಾಕಿದ್ದ ಟ್ಯಾಕ್ಸಿಯ ಕೀಲಿ ಎತ್ತಿಕೊಂಡು ಬೀದಿಗಿಳಿದಳು. ಸೀಟಿನ ಕೆಳಗೆ ತಡಕಿದಳು. ಕೂದಲಿಲ್ಲ, ಬಳೆಚೂರಿಲ್ಲ. ಡಿಕ್ಕಿ ತೆಗೆದಳು. ಸ್ಟೆಪ್ನಿ ಟೈರಿನ ಹಿಂದೆ ಒಂದು ಗೋಣಿಚೀಲ, ಬಾಯಿ ಬಿಗಿಯಾಗಿ ಕಟ್ಟಿತ್ತು. ಹಲ್ಲಿನಿಂದ ಗಂಟು ಬಿಚ್ಚಿದಳು.

ಹನ್ನೊಂದು ಕೈಚೀಲಗಳು. ಎಲ್ಲದರದ್ದೂ ಒಂದು ಹಿಡಿಕೆ ಉದ್ದ, ಇನ್ನೊಂದು ಗಿಡ್ಡ. ಎಲ್ಲದರ ಮೇಲೂ ಅಂಗಡಿಯ ಚೀಟಿ: ಮುನ್ನೂರು.

ಅವಮಾನವಾಯಿತು. ಅಳು ಬಂತು. ಕಿವಿಯಲ್ಲಿ ಸೋಪಿನ ನೊರೆ ಹಾಗೇ ಇಟ್ಟುಕೊಂಡು ಓಡಿಬಂದ ಗಂಡನ ಮುಖ ಕಂಡು, ಅಳುವಿನ ನಡುವೆಯೇ ನಗುವೂ ಬಂತು.

"ನೀನು ಅವತ್ತು ಅಷ್ಟು ಅಳ್ತಿದ್ದೆಯಲ್ಲಾ..." ಎಂದ ಅವನು.

ಅವಳು ಒಳಗೆ ಹೋಗಿ ರಾಜೀನಾಮೆ ಪತ್ರ ಹರಿದು ಹಾಕಿದಳು. ಆಮೇಲೆ ಖರ್ಚಿನ ಪುಸ್ತಕ ತೆರೆದು, ಇತರೆ ಎಂಬ ಸಾಲಿನ ಕೆಳಗೆ ಒತ್ತಿ ಬರೆದಳು: "ಮುಂದಿನ ಶನಿವಾರದಿಂದ ನೇರವಾಗಿ ನನ್ನ ಹತ್ತಿರವೇ ಕೊಳ್ಳಿ. ವಾರಕ್ಕೆ ಐವತ್ತು ಉಳಿಯುತ್ತೆ."