ಕಣ್ಣೆತ್ತರದ ನಿಯೋಬೆ

"ಇದನ್ನ ಬರೆದವನು ಕಣ್ಣು ಮುಚ್ಚಿಕೊಂಡಿದ್ದನೋ, ಇಲ್ಲ ಕುಂಚ ಬಾಯಲ್ಲಿ ಕಚ್ಚಿಕೊಂಡಿದ್ದನೋ?" ಎಂದ ವೊಕ್ಲೇರ್.

ಹಗ್ಗದ ಹಿಂದೆ ನಿಂತಿದ್ದ ತೀರ್ಪುಗಾರರೆಲ್ಲ ನಕ್ಕರು. ದೆಲ್ಮಾಸ್ ನಗಲಿಲ್ಲ. ವೊಕ್ಲೇರನ ಮಾತಿಗೆ ನಗದಿರುವುದು ಅವನು ಮೂವತ್ತು ವರ್ಷದಿಂದ ಪಾಲಿಸಿಕೊಂಡು ಬಂದ ವ್ರತ.

ಪ್ಯಾರಿಸ್ಸಿನ ವಾರ್ಷಿಕ ಪ್ರದರ್ಶನಕ್ಕೆ ಚಿತ್ರಗಳನ್ನು ಆರಿಸುವ ಕೊನೆಯ ದಿನ. ಆಳುಗಳು ಕ್ಯಾನ್ವಾಸುಗಳನ್ನು ಒಂದಾದ ಮೇಲೊಂದು ಹೊತ್ತು ತಂದು ಅರೆ ನಿಮಿಷ ನಿಲ್ಲಿಸುತ್ತಿದ್ದರು. ಬೇಕೆಂದವರು ಊರುಗೋಲು ಎತ್ತುತ್ತಿದ್ದರು. ಅಧ್ಯಕ್ಷರು ಗಂಟೆ ಬಾರಿಸುತ್ತಿದ್ದರು. ದಿನಕ್ಕೆ ಆರುನೂರು ಚಿತ್ರ. ಊಟದ ಹೊತ್ತಿಗೆ ಈ ಮಹನೀಯರಿಗೆ ದೇವತೆಗೂ ದನಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಪ್ರತಿ ತೀರ್ಪುಗಾರನಿಗೆ ವರ್ಷಕ್ಕೊಂದು ಹಕ್ಕಿತ್ತು. ಕೋಲು ಏಳದೆ ಬಿದ್ದುಹೋದ ಒಂದು ಚಿತ್ರವನ್ನು ಯಾರ ಒಪ್ಪಿಗೆಯೂ ಇಲ್ಲದೆ ಎತ್ತಿಕೊಳ್ಳಬಹುದು. ಅದಕ್ಕೆ 'ದಾನ' ಎನ್ನುತ್ತಿದ್ದರು. ವೊಕ್ಲೇರ್ ತನ್ನ ದಾನವನ್ನು ಮೊದಲ ದಿನವೇ ಮಂತ್ರಿಯೊಬ್ಬರ ಮಗಳು ಬರೆದ ಬೆಕ್ಕಿಗೆ ಕೊಟ್ಟು ಮುಗಿಸಿದ್ದ. ದೆಲ್ಮಾಸನದು ಉಳಿದಿತ್ತು. ಅದು ಅವನ ತಂಗಿಯ ಮಗಳು ಓದಿಲ್‌ಗೆ ಮೀಸಲು. ಅವಳು ಬರೆದ, ಆಗಲೇ ಬಿದ್ದುಹೋಗಿದ್ದ ಹಣ್ಣಿನ ಬುಟ್ಟಿಯ ಚಿತ್ರ ಗೋಡೆ ಏರಿದರೆ ರೂಆನ್ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆಯ ಕೆಲಸ ಖಾತ್ರಿ. ಏರದಿದ್ದರೆ ಇನ್ನೂ ಎಷ್ಟು ವರ್ಷವೋ, ಮಾವನ ಮನೆಯಲ್ಲಿ ಬಣ್ಣ ಅರೆಯುತ್ತ, ಸೂಪು ಕುದಿಸುತ್ತ.

"ಮರೆಯಲ್ವಲ್ಲ, ಮಾವ?" ಎಂದು ಬೆಳಿಗ್ಗೆ ಕೋಟು ಕೊಡುವಾಗ ಕೇಳಿದ್ದಳು.

"ನಾನೇನು ಅರಳುಮರಳು ಮುದುಕನೇನೇ?"

ಈಗ ಎದುರಿಗಿದ್ದುದು ನಿಯೋಬೆ. ಹದಿನಾಲ್ಕು ಮಕ್ಕಳ ತಾಯಿ ತಾನೆಂದು ದೇವತೆಯೆದುರೇ ಬೀಗಿ, ಅಷ್ಟೂ ಮಕ್ಕಳನ್ನು ದೇವರ ಬಾಣಕ್ಕೆ ಕೊಟ್ಟು, ಅತ್ತೂ ಅತ್ತೂ ಕಲ್ಲಾದ ರಾಣಿ. ಹಳೆಯ ಕಥೆ, ಚಿತ್ರ ಮಾತ್ರ ಹೊಸಬರ ಕಡೆಯದು. ಎಲ್ಲೆಲ್ಲೂ ಬೂದುನೀಲಿ ಮಬ್ಬು. ಕಣ್ಣು ಮುಚ್ಚಿದ ಹೆಂಗಸು, ಸೊಂಟದಿಂದ ಕೆಳಗೆ ಬಂಡೆ. ಮಕ್ಕಳ ಬದಲು ಕತ್ತಲಲ್ಲಿ ಮಸುಕು ಹೂಗಳು. ಮೂಲೆಯಲ್ಲಿ 'ಇ. ಮಾರ್ಲಿಯೆ' ಎಂಬ, ಯಾರೂ ಕೇಳದ ಹೆಸರು.

ಇಂಥ ಮಬ್ಬುಗಾರರನ್ನು ಹುಚ್ಚಾಸ್ಪತ್ರೆಗೆ ಸೇರಿಸಬೇಕೆಂದು ವೊಕ್ಲೇರ್ ಹತ್ತು ವರ್ಷದಿಂದ ಪತ್ರಿಕೆಗಳಲ್ಲಿ ಬರೆಯುತ್ತಿದ್ದ. ಅವನು ಬರೆಯುವ ವೀನಸ್ಸುಗಳೋ, ಮಿಠಾಯಿ ಅಂಗಡಿಯ ಸಕ್ಕರೆ ಅಚ್ಚುಗಳು. ದೆಲ್ಮಾಸನಿಗೆ ಎರಡೂ ಅಸಹ್ಯ.

"ಹದಿನಾಲ್ಕನೇ ಹೂವು ಎಲ್ಲಿದೆ ನೋಡಿದ್ರಾ?" ವೊಕ್ಲೇರ್ ನಿಂತಲ್ಲಿಂದಲೇ ಹೇಳಿದ. "ಅವಳ ಜಡೆಯೊಳಗೆ, ಹೇನಿನ ಹಾಗೆ."

ದೆಲ್ಮಾಸ್ ಕನ್ನಡಕ ಏರಿಸಿ ಹುಡುಕಿದ. ಅವನಿಗೆ ಜಡೆಯೇ ಕಾಣಲಿಲ್ಲ.

"ಸೂರಿನ ಹತ್ತಿರ ಎಲ್ಲಾದ್ರೂ ತೂಗುಹಾಕಬಹುದು," ಎಂದರು ಅಧ್ಯಕ್ಷರು, ಆಕಳಿಸುತ್ತ.

"ಅಲ್ಲಿ ಹಾಕಿದ್ರೆ ಹೊಗೆ ಅಂದ್ಕೊಂಡು ಬೆಂಕಿ ಆರಿಸೋರನ್ನ ಕರೀತಾರೆ! ಕಣ್ಣೆತ್ತರಕ್ಕೆ ಹಾಕಿದ್ರೆ ಮಾತ್ರ ಇದು ಏನಾದ್ರೂ ಕಾಣೋದು. ಅಷ್ಟು ಮರ್ಯಾದೆ ಕೊಡೋ ಎದೆ ಇಲ್ಲಿ ಯಾರಿಗಿದೆ?" ವೊಕ್ಲೇರ್ ತಿರುಗಿದ. "ನಮ್ಮ ದೆಲ್ಮಾಸ್ ಗುರುಗಳ ದಾನ ಇನ್ನೂ ಉಳಿದಿದೆಯಂತೆ. ಆದರೆ ಪಾಪ, ನನ್ನ ಕೋಲು ಏಳದೆ ಅವರ ಕೋಲು ಎಂದಾದ್ರೂ ಎದ್ದದ್ದುಂಟಾ?"

ಮತ್ತೆ ನಗು. ಈ ಸಲ ಜೋರಾಗಿ.

ಒಂದು ಕೋಲೂ ಏಳಲಿಲ್ಲ. ಅಧ್ಯಕ್ಷರ ಕೈ ಗಂಟೆಯತ್ತ ಹೋಯಿತು. ದೆಲ್ಮಾಸನ ಕಿವಿಯವರೆಗೂ ರಕ್ತ ಏರಿತ್ತು. ಹಣ್ಣಿನ ಬುಟ್ಟಿ ಒಂದು ಕ್ಷಣ ಕಣ್ಣೆದುರು ಬಂತು. ಹಣ್ಣು ತಾನೇ, ಮುಂದಿನ ವರ್ಷವೂ ಬಿಡುತ್ತವೆ.

"ನನ್ನ ದಾನ," ಎಂದ ಅವನು. "ಬರೆದುಕೊಳ್ಳಿ. ಕಣ್ಣೆತ್ತರಕ್ಕೆ. ಮೊದಲ ಕೋಣೆಯಲ್ಲಿ."

ನಗು ನಿಂತಿತು. ವೊಕ್ಲೇರನ ಮುಖ ಸುಣ್ಣವಾಯಿತು. "ನಿಮ್ಮ ತಲೆ ಕೆಟ್ಟಿದೆ," ಎಂದ. ದೆಲ್ಮಾಸನಿಗೆ ಮೂವತ್ತು ವರ್ಷದಲ್ಲಿ ಅಂಥ ಸಿಹಿ ಮಾತು ಕಿವಿಗೆ ಬಿದ್ದಿರಲಿಲ್ಲ.

ಸಂಜೆ ಓದಿಲ್ ಸೂಪು ಬಡಿಸುತ್ತಿದ್ದಳು. "ಹೆಸರು ಬರೆಸಿದ್ರಾ, ಮಾವ?"

"ಈ ವರ್ಷ... ಕಲೆಯ ಪ್ರಶ್ನೆ ಎದ್ದಿತು ಕಣಮ್ಮ. ಯಾರೋ ಮಾರ್ಲಿಯೆ ಅಂತ. ಅವನಿಗೆ ಕೊಡಬೇಕಾಯ್ತು."

"ವೊಕ್ಲೇರ್ ಅವರು ಬೇಡ ಅಂದ್ರಾ?"

ದೆಲ್ಮಾಸ್ ರೊಟ್ಟಿ ಮುರಿದ. ಅವಳು ಸೌಟನ್ನು ಪಾತ್ರೆಯೊಳಗೇ ಬಿಟ್ಟಳು.

"ಮಾರ್ಲಿಯೆಗೂ ಅಲ್ಲ, ಕಲೆಗೂ ಅಲ್ಲ. ನೀವು ಜೀವಮಾನವೆಲ್ಲ ಮಾಡಿದ್ದೆಲ್ಲ ಆ ವೊಕ್ಲೇರ್ ಅವರಿಗೋಸ್ಕರ, ಮಾವ. ಇದೂ ಅಷ್ಟೆ."

ಮರುದಿನವೇ ಅವಳು ಶಾಲೆಗೆ ಕಾಗದ ಬರೆದು, ತಾನು ಬರುವುದಿಲ್ಲವೆಂದಳು. ಮತ್ತೆ ಅವನೊಂದಿಗೆ ಮಾತಾಡಲಿಲ್ಲ. ಹುಡುಗಿಯರಿಗೆ ದೊಡ್ಡ ವಿಷಯಗಳು ತಿಳಿಯುವುದಿಲ್ಲ ಎಂದುಕೊಂಡ ದೆಲ್ಮಾಸ್.

ಪ್ರದರ್ಶನದ ಹಿಂದಿನ ದಿನ ವಾರ್ನಿಷ್ ದಿನ. ಚಿತ್ರ ಬರೆದವರು ತಾವೇ ಬಂದು, ತಮ್ಮ ಚಿತ್ರಕ್ಕೆ ಕೊನೆಯ ಹೊಳಪು ಹಚ್ಚುವ ಪದ್ಧತಿ. ಗೋಡೆ ಏರಿದ್ದನ್ನು ಇನ್ನು ಯಾರೂ ಇಳಿಸುವಂತಿಲ್ಲ. ದೆಲ್ಮಾಸ್ ಹೊಸ ಕೈಗವಸು ತೊಟ್ಟು ಹೋದ. ಆ ಬಡಪಾಯಿ ಮಾರ್ಲಿಯೆ ಕೈಗೆ ಮುತ್ತಿಡಲು ಬಗ್ಗಿದಾಗ ಹೇಳಬೇಕಾದ ಎರಡು ಉದಾರ ಮಾತನ್ನು ಗಾಡಿಯಲ್ಲೇ ಕಟ್ಟಿಕೊಂಡಿದ್ದ.

ಮೊದಲ ಕೋಣೆಯಲ್ಲಿ ಜನ ಕಿಕ್ಕಿರಿದಿದ್ದರು. "ಈ ವರ್ಷದ ಚಿತ್ರ ಅಂದ್ರೆ ಇದೇ," ಎನ್ನುತ್ತಿದ್ದ ಪತ್ರಿಕೆಯವನೊಬ್ಬ. "ದೆಲ್ಮಾಸ್ ಇಲ್ಲದಿದ್ರೆ ಇದು ಕಸದ ಪಾಲಾಗ್ತಿತ್ತಂತೆ." ದೆಲ್ಮಾಸ್ ಟೋಪಿ ತೆಗೆದು ಕಾವಲುಗಾರನನ್ನು ಕೇಳಿದ.

"ಬರೆದವರು ಬಂದಿದ್ದಾರೇನಯ್ಯ?"

"ಬಾಗಿಲು ತೆಗೆಯೋಕೆ ಮುಂಚೇನೇ ಬಂದಿದ್ರು, ಸ್ವಾಮಿ. ಅಗೋ, ಕೆಳಗೆ ಕೂತಿದ್ದಾರೆ."

ಜನ ದಾರಿ ಬಿಟ್ಟರು.

ಮಂಡಿಯೂರಿ ಕೂತ ವೊಕ್ಲೇರ್, 'ಇ. ಮಾರ್ಲಿಯೆ' ಎಂಬುದರ ಮೇಲೆ ಬೂದು ಬಣ್ಣ ಬಳಿದು, ಅಲ್ಲಿ ನಿಧಾನವಾಗಿ ತನ್ನ ಹೆಸರು ಬರೆಯುತ್ತಿದ್ದ.