ಕೆಸರಿಗೆಂದೇ ಮಾಡಿಸಿದ ಕಾರು

ಜಡೆಯನದು ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಕಾರು. ಆದರೂ ಬೆಟ್ಟದ ದಾರಿಯ ಕೆಸರಿನಲ್ಲಿ ಒಂದು ಹಿಂಚಕ್ರ ಸುಮ್ಮನೆ ಸುತ್ತತೊಡಗಿತೆಂದರೆ ಅಲ್ಲೇ ಕೂತುಬಿಡುತ್ತಿತ್ತು. ಬೆಟ್ಟದ ಮೇಲಿನ ಊರಿನಲ್ಲಿ ಹೆಂಡತಿಗೆ ದಿನ ತುಂಬುತ್ತಾ ಬಂದಿತ್ತು. ಅವಳನ್ನು ಆಸ್ಪತ್ರೆಗೆ ಇಳಿಸಲೇಬೇಕೆಂದು ಅವನು ಪೇಟೆಯ ಗ್ಯಾರೇಜಿನಲ್ಲೇ ಬೀಡುಬಿಟ್ಟಿದ್ದ.

"ಹಿಂದಿನ ಎರಡು ಚಕ್ರದ ನಡುವಿನ ಡಿಫರೆನ್ಶಿಯಲ್ ಗೇರಿಗೆ ವೆಲ್ಡ್ ಹೊಡೆದ್ರೆ ಎರಡೂ ಚಕ್ರ ಒಟ್ಟಿಗೇ ತಿರುಗ್ತವೆ, ಎಂಥ ಕೆಸರಾದ್ರೂ ಹತ್ತುತ್ತೆ. ಆದ್ರೆ ಡಾಂಬರು ರೋಡಲ್ಲಿ ತಿರುವು ಬಂದ್ರೆ ಒದ್ದಾಡುತ್ತೆ, ನೋಡಪ್ಪ" ಎಂದ ಮೇಸ್ತ್ರಿ.

ಜಡೆಯ ಜೋರಾಗಿ ನಕ್ಕುಬಿಟ್ಟ. "ನಮ್ಮೂರಿಗೆ ಡಾಂಬರಾ? ನಮ್ಮಜ್ಜನ ಕಾಲದಿಂದ ಊರೋರು ಕೇಳ್ತಾನೇ ಅವ್ರೆ! ನೀನು ವೆಲ್ಡ್ ಹೊಡಿ ಮೇಸ್ತ್ರಣ್ಣ."

ಮೂರು ದಿನದ ಮೇಲೆ ಕೆಲಸ ಮುಗಿಸಿಕೊಂಡು ಬೆಟ್ಟದ ಬುಡಕ್ಕೆ ಬಂದರೆ, ಕೆಸರಿದ್ದ ಜಾಗದಲ್ಲಿ ಹೊಸ ಡಾಂಬರು ಹೊಗೆಯಾಡುತ್ತಿತ್ತು. ಮೊದಲ ತಿರುವಿನಲ್ಲೇ ಕಾರು ಒದ್ದಾಡಿ ನಿಂತಿತು.

"ಏನಣ್ಣ ಇದು, ಇದ್ದಕ್ಕಿದ್ದಂಗೆ ರೋಡು?" ಎಂದು ರೋಲರ್ ಓಡಿಸುವವನನ್ನು ಕೇಳಿದ.

"ನಾಳೆ ಮಂತ್ರಿಗಳು ಬತ್ತಾವ್ರಂತೆ. ಮೇಲಿನೂರ ಬಸುರಿ ಹೆಂಗಸನ್ನ ಜೋಳಿಗೇಲಿ ಹೊತ್ಕೊಂಡು ಇಳಿಸ್ವಾಗ ದಾರೀಲೇ ಜೀವ ಹೋಯ್ತಂತೆ. ಅವಳ ಗಂಡನ್ನ ಎಲ್ರೂ ಹುಡುಕ್ತಾವ್ರೆ, ಯಾವ್ದೋ ಗ್ಯಾರೇಜಲ್ಲಿ ಕಾರು ಸರಿಮಾಡಿಸ್ತಾ ಕುಂತವ್ನಂತೆ."