ಧ್ರುವ ಅಣ್ಣನ ಪಾಲು

ಅಪ್ಪ ತೀರಿಕೊಂಡ ಮೇಲೆ ಮನೆಯ ಜೊತೆ ಮೇಲಿನ ಆಕಾಶವೂ ಪಾಲಾಯಿತು. ಧ್ರುವ ನಕ್ಷತ್ರವಿದ್ದ ಉತ್ತರದ ತುಂಡು ಅಣ್ಣ ಗುರುಪಾದನಿಗೆ ಹೋಯಿತು. ಅರುಂಧತಿಯಿರುವ ಸಪ್ತರ್ಷಿ ಮಂಡಲವೂ ಉಳಿದದ್ದೆಲ್ಲವೂ ನನಗೆ ಬಂದವು. ಅಣ್ಣ ಮರುದಿನವೇ ತನ್ನ ಪಾಲಿಗೆ ಪರದೆ ಎಳೆದ. ಧ್ರುವನಿಗೆ ಗುರಿ ಹೊಂದಿಸದಿದ್ದರೆ ನನ್ನ ದೂರದರ್ಶಕ ಆಕಾಶದ ಜೊತೆ ತಿರುಗುವುದಿಲ್ಲ, ಫೋಟೋಗಳೆಲ್ಲ ಗೀಚಿದಂತಾಗುತ್ತವೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ನಾನೂ ಸಪ್ತರ್ಷಿಗಳಿಗೆ ಪರದೆ ಎಳೆದೆ.

ಇಂದು ಸಂಜೆ ಅವನು ಮಗಳ ಮದುವೆ ಮುಗಿಸಿ, ಮದುಮಕ್ಕಳನ್ನೂ ಬೀಗರನ್ನೂ ಕರೆದುಕೊಂಡು ನನ್ನ ಮಾಳಿಗೆ ಹತ್ತಿದ.

“ಪರದಿ ತಗಿ, ಕಸ್ತೂರಿ. ಮಗಳಿಗೆ ಅರುಂಧತಿ ತೋರಿಸಬೇಕು.”

“ಮೊದಲ ನಿಂದು ತಗಿ, ಅಣ್ಣಾ. ಧೂಮಕೇತು ಕಾಣೂದು ಇವತ್ತೊಂದ ದಿನ.”

“ನನ್ನ ಧ್ರುವ ನಿನ್ನ ಕ್ಯಾಮೆರಾ ಕಟ್ಟೂ ಗೂಟ ಅಲ್ಲ.”

“ನನ್ನ ಅರುಂಧತಿನೂ ನಿನ್ನ ಬೀಗರಿಗೆ ಇಟ್ಟ ಫಳಾರ ಅಲ್ಲ.”

ಮದುಮಗಳೇ ಗಂಡನ ತೋಳು ಜಗ್ಗಿದಳು. “ಕಂಡ್ತು ಅನ್ರಿ, ಸಾಕು. ಎಲ್ಲಾರೂ ಹಂಗ ಅಂತಾರ.”

ಮದುಮಗ ಪರದೆಗೆ ಕೈಮುಗಿದು “ಕಂಡ್ತು” ಎಂದ. ಎಲ್ಲರೂ ನಗುತ್ತ ಊಟಕ್ಕೆ ಇಳಿದರು.

ನಾನು ಧೂಮಕೇತುವಿಗೆ ಕ್ಯಾಮೆರಾ ಹಿಡಿದೆ. ಫೋಟೋದಲ್ಲಿ ಬಂದದ್ದು ಉದ್ದನೆಯ ಒಂದು ಗೀರು. ಕಾಣದ್ದನ್ನು ಕಂಡಿತು ಎನ್ನಲು ಈ ಹಾಳು ಕ್ಯಾಮೆರಾಕ್ಕೆ ಬರುವುದಿಲ್ಲ.